ಬೆಂಕಿಯಿಲ್ಲದ ಭಟ್ಟಿ

ಹುಸೇನ್‌ಬಿಯ ಪಾದದ ಮೇಲೆ ಕಾದ ಮರಳು ಚೆಲ್ಲಿ
ಹದಿನಾಲ್ಕು ತಿಂಗಳು.
ಬಟ್ಟೆ ಬಿಚ್ಚಿದರೆ ಇನ್ನೂ ಅದೇ ಹಸಿ,
ಮುಚ್ಚಲೊಲ್ಲದ ಬಾಯಿ.
"ಸಕ್ಕರೆ ಐತಲ್ರೀ, ಅದಕ್ಕೇ ಅಂತೆ" ಅಂದಳು
ನಾನು ಕೇಳುವ ಮೊದಲೇ,
ತಪ್ಪೊಪ್ಪಿಕೊಳ್ಳುವವಳ ಹಾಗೆ.

ಅವಳ ಸೆರಗಿನಲ್ಲಿ ಮಂಡಕ್ಕಿಯ ವಾಸನೆ,
ಅದರಡಿಗೆ ಹೊಟ್ಟಿನ ಹೊಗೆ.
ದಾವಣಗೆರೆಯವಳು ನಾನು, ಈ ವಾಸನೆಯಲ್ಲೇ
ಕೂಡುವ ಕಳೆಯುವ ಲೆಕ್ಕ ಕಲಿತವಳು.
ಭಟ್ಟಿಯೊಳಗೆ ಮಾತ್ರ ಒಮ್ಮೆಯೂ ಕಾಲಿಟ್ಟವಳಲ್ಲ.
ಒಗ್ಗರಣೆ ಹಾಕಿಸಿ, ಮೆಣಸಿನಕಾಯಿ ಬಜ್ಜಿ ಕಚ್ಚಿ
ಕೈ ಒರೆಸಿಕೊಂಡವಳು.

ಎಡಗೈಯಲ್ಲಿ ನರ ಸಿಗಲಿಲ್ಲ.
ಬಲಗೈ ಚಾಚಿದಳು, ಜರಡಿ ಹಿಡಿಯುವ ಕೈ,
ಮೊಣಕೈವರೆಗೆ ಚುಕ್ಕೆ ಚುಕ್ಕೆ ಸುಟ್ಟ ಕಲೆ.
ಕೊಳವೆಗಳು ತುಂಬಿದವು.
ಯಂತ್ರ ಮೊದಲು ಮೆಲ್ಲಗೆ ತಿರುಗಿಸಿತು:
ಕೆಂಪು ಕೆಳಗೆ ಕೂತಿತು, ಮೇಲೆ ಹೊಂಬಣ್ಣದ ತಿಳಿ.
ಆ ತಿಳಿಯನ್ನೇ ಎತ್ತಿ ಮತ್ತೊಮ್ಮೆ ಜೋರಾಗಿ.
ತಳದಲ್ಲಿ ಉಳಿದದ್ದು
ಉಗುರಿನ ತುದಿಯಷ್ಟು ಮಬ್ಬು.
ಕೆಲಸವೆಲ್ಲ ಇರುವುದು ಆ ಮಬ್ಬಿನಲ್ಲಿ:
ಒಡೆದಲ್ಲಿಗೆ ಮೊದಲು ಓಡಿ ಹೋಗುವವು,
ಅಂಟಿಕೊಂಡು, ಒಡಲು ಬಿಚ್ಚಿ,
ಸುತ್ತಲಿನ ಮಾಂಸಕ್ಕೆ ಏಳು, ಕಟ್ಟು ಅನ್ನುವವು.

ಹಸಿಯಾಗಿಟ್ಟರೆ ಐದೇ ದಿನ,
ಅದೂ ತೂಗುತ್ತಲೇ ಇರಬೇಕು, ತಣ್ಣಗಾಗಬಾರದು.
ಇವಳಿಗೆ ಬೇಕಾದ್ದು ವಾರಕ್ಕೊಂದರಂತೆ ಎಂಟು ವಾರ.
ಪ್ರತಿವಾರ ಚುಚ್ಚಲು ಅವಳಲ್ಲಿ ಅಷ್ಟು ರಕ್ತವಿಲ್ಲ,
ಪ್ರತಿವಾರ ಅರ್ಧ ದಿನ ಬಿಡಲು ಭಟ್ಟಿಯವರಿಗೆ ಮನಸ್ಸಿಲ್ಲ.
ಹಾಗಾಗಿ ಒಣಗಿಸುತ್ತೇವೆ.

"ಒಣಗಿಸೋದು ಅಂದ್ರೆ? ಬಿಸಿಲಿಗಾ?"
"ಇಲ್ಲಮ್ಮ, ಚಳಿಗೆ."
ಸೊನ್ನೆಗಿಂತ ಎಂಬತ್ತು ಕೆಳಗೆ ಗಡ್ಡೆ ಕಟ್ಟಿಸಿ
ಗಾಳಿಯನ್ನೆಲ್ಲ ಹೀರಿ ತೆಗೆದರೆ
ಮಂಜು ನೀರಾಗುವ ಗೋಜಿಗೇ ಹೋಗದೆ
ಎದ್ದು ಹೊರಟುಬಿಡುತ್ತದೆ.
ಉಳಿಯುವುದು ಬಿಳಿ, ಹಗುರ, ಒಳಗೆಲ್ಲ ತೂತು.
ಮುಂದಿನ ಸಲ ಬಂದಾಗ ಸೀಸೆ ಎತ್ತಿ
ಕಿವಿಯ ಬಳಿ ಅಲುಗಿಸಿದಳು.
"ಮಂಡಕ್ಕಿ ಮಾಡೀರಿ ಬಿಡ್ರೀ,
ಬೆಂಕಿ ಒಂದಿಲ್ಲ, ಅಷ್ಟೇ."

ಒಣಗುವಾಗ ಪೊರೆ ಹರಿಯದಿರಲೆಂದು
ಒಂದಿಷ್ಟು ಸಕ್ಕರೆ ಬೆರೆಸಿರುತ್ತೇವೆ ಎಂದು
ನಾನು ಹೇಳಬಾರದಿತ್ತು.
"ಸಕ್ಕರೆನಾ!" ಕಾಲು ಎಳೆದುಕೊಂಡಳು.
ಇದು ಬೇರೆ ಸಕ್ಕರೆ, ಅಣಬೆಯಲ್ಲಿರುವಂಥದ್ದು,
ನೀರು ಹೋದ ಜಾಗದಲ್ಲಿ ತಾನು ಹೆಗಲು ಕೊಟ್ಟು ನಿಲ್ಲುವಂಥದ್ದು,
ಎಷ್ಟು ಹೇಳಿದರೂ
ಡಾಕ್ಟರು ಬಂದು ಗದರುವವರೆಗೆ ನಂಬಲಿಲ್ಲ.
ಆಮೇಲೆ ನನಗೂ ಅನಿಸಿತು, ಒಂದೇ ಹೆಸರು:
ಗಾಯ ತೆರೆದಿಡುವುದಕ್ಕೂ,
ಮುಚ್ಚುವುದನ್ನು ಕಾದಿಡುವುದಕ್ಕೂ.

ನಾಲ್ಕನೇ ವಾರ ಒಂದು ರಾತ್ರಿ ಕರೆಂಟು ಹೋಗಿ
ಜನರೇಟರೂ ಕೆಮ್ಮಿ ನಿಂತಿತು.
ಉಳಿದ ಚೀಲಗಳಿಗಾಗಿ ಕತ್ತಲಲ್ಲಿ ಓಡಾಡಿದೆವು.
ಕೊಟ್ರೇಶಿ ಎರಡು ಚೀಲ ಅಂಗೈಯಲ್ಲಿಟ್ಟು
ಮೂರು ಗಂಟೆವರೆಗೆ ತೂಗಿದ, ಬೀಡಿ ಸೇದಲೂ ಹೋಗದೆ.
ಹುಸೇನ್‌ಬಿಯ ಸೀಸೆಗಳು ಮಾತ್ರ ಕಪಾಟಿನಲ್ಲಿ
ಡಬ್ಬಿಯೊಳಗಿನ ಮಂಡಕ್ಕಿಯಂತೆ
ನಿಶ್ಚಿಂತೆ.

ಏಳನೆಯದಕ್ಕೇ ಅಂಚುಗಳು ಕೂಡಿದವು.
ಈರುಳ್ಳಿಯ ಒಳಪದರದಷ್ಟು ತೆಳು ಚರ್ಮ,
ಮುಟ್ಟಲು ನನಗೇ ಹೆದರಿಕೆ.
ಎಂಟನೆಯದು ಉಳಿಯಿತು.
"ಕೊಡ್ರೀ. ನಂದೇ ಅಲ್ವಾ?"
ಬಳಸದ್ದು ಹಳದಿ ಚೀಲಕ್ಕೆ, ಚೀಲ ಸುಡುವಲ್ಲಿಗೆ,
ನಿಯಮ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಚಪ್ಪಲಿ ತೂರಿಸಿಕೊಂಡಳು,
ಹದಿನಾರು ತಿಂಗಳ ಮೇಲೆ, ಎರಡೂ ಕಾಲಿಗೆ.
"ಭಟ್ಟಿಗೇ ಹೋಗ್ಲಿ ಬಿಡ್ರೀ.
ಅದಕ್ಕೂ ದಾರಿ ಗೊತ್ತೈತೆ."

ಚೀಟಿಯಲ್ಲಿ ಅವಳ ಹೆಸರು, ತಾರೀಖು, ನನ್ನ ಸಹಿ.
ಗಾಡಿ ಬರುವುದು ನಾಳೆ ಬೆಳಿಗ್ಗೆ.
ಸೀಸೆ ಇನ್ನೂ ನನ್ನ ಮೇಜಿನ ಮೇಲಿದೆ.
ಒಮ್ಮೆ ಎತ್ತಿ ಕಿವಿಯ ಬಳಿ ಅಲುಗಿಸಿದೆ.